ಅಡ್ಡ ಹಾಕಿದ ಸೊಪ್ಪು

ನೀಲಿಯ ವಯಸ್ಸು ನಲವತ್ತೆಂಟು ಎಂದು ಅವಳ ಆಧಾರ್ ಕಾರ್ಡು ಹೇಳುತ್ತದೆ. ಬರೆದುಕೊಂಡವನು ಅವಳ ಮುಖ ನೋಡಿ ಅಂದಾಜಿನ ಮೇಲೆ ಹಾಕಿದ್ದು. ಆ ಮುಖ ನೋಡಿ ಯಾರೂ ಏನನ್ನೂ ಅಂದಾಜು ಮಾಡಬಾರದು. ಸದಾ ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಎದುರಿಗಿದ್ದವರು ಏನನ್ನೋ ಕದ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ ಎಂಬ ನೋಟ. ಇದು ಅವಳ ಮಾಮೂಲಿ ಮುಖ. ಸಿಟ್ಟು ಬಂದಾಗಿನದು ಬೇರೆ ಇದೆ. ಅದನ್ನು ನೋಡಿದವರು ಎರಡನೇ ಸಲ ನೋಡಲು ಬರುವುದಿಲ್ಲ.

ಇಂಥವಳ ಕೆಲಸ ಟೂರಿಸ್ಟರನ್ನು ಕಾಡು ಸುತ್ತಿಸುವುದು. ಮಾನಂದವಾಡಿಯಿಂದ ಮೇಲೆ ಹತ್ತಿದ ರಸ್ತೆ ಕಾಡಿನ ಅಂಚಿನಲ್ಲಿ ಮುಗಿಯುವ ಕಡೆ ಒಂದು ತಗಡಿನ ಆಫೀಸಿದೆ. ಅಲ್ಲಿಂದ ಬೆಳಿಗ್ಗೆ ಎಂಟಕ್ಕೆ ಒಂದು ಗುಂಪು, ಒಂಬತ್ತಕ್ಕೆ ಇನ್ನೊಂದು, ತಲಾ ಹತ್ತು ಜನ, ಒಬ್ಬ ಗೈಡಿನ ಬೆನ್ನ ಹಿಂದೆ ಮಳೆಕಾಡಿಗೆ ಇಳಿಯುತ್ತಾರೆ. ಸಂಜೆ ನಾಲ್ಕರೊಳಗೆ ಮೈತುಂಬ ಕೆಸರು, ಕಾಲುತುಂಬ ಜಿಗಣೆ ಕಚ್ಚಿದ ರಕ್ತ, ಫೋನಿನ ತುಂಬ ಫೋಟೋ ಹೊತ್ತು ಹೊರಗೆ ಬರುತ್ತಾರೆ. ಎಂಟರ ಗುಂಪಿನ ಗೈಡು ಚಂದ್ರನ್. ಒಂಬತ್ತರದು ನೀಲಿ. ಈ ಚಂದ್ರನ್ ಒಂದು ಕಾಲದಲ್ಲಿ ನೀಲಿಯ ಗಂಡ.

ಏಳು ವರ್ಷದ ಹಿಂದೆ ಅವನು ವೆಳ್ಳಮುಂಡದ ಕಡೆಯ ಲೀಲ ಎಂಬವಳ ಜೊತೆ ಬೇರೆ ಸಂಸಾರ ಹೂಡಿದ. ಹೊರಡುವಾಗ ಅವರ ಹಾಡಿಯ ಗುಡಿಸಲುಗಳ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಇವಳ ಬಾಯಿ ಜೊತೆ ಯಾವನಿಗೂ ಬಾಳೋಕೆ ಆಗಲ್ಲ" ಎಂದು ಹೇಳಿ ಹೋದ. ಸರಿ, ಬಾಯಿಯೇ ತೊಂದರೆ ಎಂದಾದರೆ ಅದನ್ನು ಮುಚ್ಚಿದರಾಯಿತು ಎಂದು ನೀಲಿ ಅವನ ಮಟ್ಟಿಗೆ ಅವತ್ತೇ ಮುಚ್ಚಿಬಿಟ್ಟಳು. ಏಳು ವರ್ಷ ಒಂದೇ ಆಫೀಸು, ಒಂದೇ ದಾರಿ, ಒಂದೇ ನೀರಿನ ಡ್ರಮ್ಮು. ಒಂದು ಮಾತಿಲ್ಲ. ಚಂದ್ರನ ತಾಯಿ ಚಾತಿ ಮಾತ್ರ ಮಗನ ಹಿಂದೆ ಹೋಗಲಿಲ್ಲ. "ನನಗೆ ಈ ಬಾಯೇ ಅಭ್ಯಾಸ ಆಗಿದೆ" ಎಂದು ಸೊಸೆಯ ಒಲೆಯ ಮುಂದೆ ಕೂತವಳು ಇಂದಿಗೂ ಅಲ್ಲೇ ಕೂತಿದ್ದಾಳೆ.

ಮಾತಿಲ್ಲದೆ ಇಬ್ಬರು ಒಂದೇ ಕಾಡಿನಲ್ಲಿ ಹೇಗೆ ನಡೆದಾಡಿದರು ಎಂದು ಕೇಳಬಹುದು. ಸೊಪ್ಪಿನಿಂದ. ಅವರ ಹಾಡಿಯವರ ಪದ್ಧತಿ ಅದು. ಮುಂದೆ ಹೋದವರಿಗೆ ದಾರಿಯಲ್ಲಿ ಕೇಡು ಕಂಡರೆ ಹಸಿ ಸೊಪ್ಪಿನ ಕೊಂಬೆ ಮುರಿದು ಅಡ್ಡ ಹಾಕಬೇಕು. ಒಂದು ಕೊಂಬೆ ಎಂದರೆ ಹೆಜ್ಜೇನು, ಬಿದ್ದ ಮರ, ಕುಸಿದ ದರೆ, ಇಂಥದ್ದು. ಒಂದರ ಮೇಲೊಂದು ಎರಡು ಕೊಂಬೆ ಎಂದರೆ ದೊಡ್ಡೋರು. ಆನೆಯ ಹೆಸರನ್ನು ಅವರು ಕಾಡಿನೊಳಗೆ ಎತ್ತುವುದಿಲ್ಲ. ಎಲೆ ಬಾಡುವ ತನಕ ಆ ದಾರಿ ಮುಚ್ಚಿತು. ಯಾರೂ ದಾಟುವುದಿಲ್ಲ, ಹಾಕಿದವರು ಯಾರೆಂದು ಕೇಳುವುದೂ ಇಲ್ಲ. ತಲೆ ಒಡೆದ ಶತ್ರುವಿಗೂ ಸೊಪ್ಪು ಹಾಕಲೇಬೇಕು. ಚಾತಿ ಹೇಳುವ ಕತೆಯೊಂದಿದೆ. ಜೇನುಮರದ ವಿಷಯಕ್ಕೆ ಅವಳ ಗಂಡನ ಮನೆಯವರಿಗೂ ಕೆಳಗಿನ ಮನೆಯವನಿಗೂ ಕತ್ತಿ ಎತ್ತುವಷ್ಟು ಹಗೆ. ಒಂದು ದಿನ ಬಸುರಿ ಚಾತಿ ಸೌದೆಗೆ ಹೋದಾಗ ದಾರಿಯಲ್ಲಿ ಎರಡು ಕೊಂಬೆ ಕಂಡು ಹಿಂದಕ್ಕೆ ತಿರುಗಿದಳು. ಆ ಸೊಪ್ಪು ಹಾಕಿದ್ದು ಅದೇ ಕೆಳಗಿನ ಮನೆಯವನು. "ಸಾಯೋ ತನಕ ನಮ್ಮನ್ನ ಕಂಡ್ರೆ ಉಗೀತಿದ್ದ. ಉಗೀಲಿ. ಸೊಪ್ಪು ಹಾಕಿದ್ನಲ್ಲ" ಎನ್ನುತ್ತಾಳೆ ಚಾತಿ. ಅವತ್ತು ಅವಳ ಹೊಟ್ಟೆಯಲ್ಲಿದ್ದವನು ಚಂದ್ರನ್.

ಹಾಗಾಗಿ ಏಳು ವರ್ಷ ಚಂದ್ರನ್ ಮುಂದೆ ಹೋಗಿ ಸೊಪ್ಪು ಹಾಕಿದ, ನೀಲಿ ಒಂದು ಗಂಟೆ ಹಿಂದೆ ಬಂದು ಓದಿದಳು. ಕೊಂಬೆಯನ್ನು ಮುರಿಯುವಾಗ ಅವನು ಒಂದು ಸುತ್ತು ತಿರುಚುತ್ತಾನೆ. ತೊಗಟೆ ನಾರುನಾರಾಗಿ ಎದ್ದು ನಿಲ್ಲುತ್ತದೆ. ಅವನ ಮುಖ ನೋಡದ ನೀಲಿ ಆ ನಾರನ್ನು ನೋಡಿದ ಕೂಡಲೇ ಗುಂಪನ್ನು ತಿರುಗಿಸುತ್ತಿದ್ದಳು. ಅವನು ಹಾಕಿದ್ದು ಒಂದು ಸಲವೂ ತಪ್ಪಾಗಿರಲಿಲ್ಲ. ಮನುಷ್ಯ ಕೆಟ್ಟರೂ ಕೈ ಕೆಟ್ಟಿಲ್ಲ ಎಂದುಕೊಳ್ಳುತ್ತಿದ್ದಳು.

ಈ ಮಳೆಗಾಲ ಮುಗಿಯುತ್ತಿದ್ದ ಹಾಗೆ ಆಫೀಸಿನ ಭಾಸ್ಕರನ್ ಇಬ್ಬರನ್ನೂ ಕರೆದು ನಿಲ್ಲಿಸಿದ. ಭಾಸ್ಕರನ್ ಕಲ್ಪೆಟ್ಟದ ಕಡೆಯವನು, ಟಿಕೆಟು ಹರಿಯುವುದು, ಗೈಡುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. "ಬರುವ ತಿಂಗಳಿಂದ ಈ ದಾರಿಗೆ ಒಬ್ಬರೇ ಗೈಡ್ ಮತಿ ಅಂತ ಮೇಲಿನವರು ಹೇಳಿದ್ದಾರೆ" ಎಂದ. "ಯಾರ ಮೇಲೆ ಪರಾತಿ ಕಮ್ಮಿಯೋ ಅವರು ಉಳೀತಾರೆ."

ಮತಿ ಎಂದರೆ ಸಾಕು, ಪರಾತಿ ಎಂದರೆ ದೂರು. ಚಂದ್ರನ ಮೇಲೆ ಒಂದೂ ಇರಲಿಲ್ಲ. ಅವನು ಟೂರಿಸ್ಟರ ಮುಂದೆ ಹಲ್ಲು ಕಿರಿಯುತ್ತಾನೆ, ಸಿನಿಮಾ ಹಾಡು ಹಾಡುತ್ತಾನೆ, ಅವರು ಹುಲಿ ಹೆಜ್ಜೆ ಎಂದರೆ ನಾಯಿ ಹೆಜ್ಜೆಗೂ ಹೌದು ಎನ್ನುತ್ತಾನೆ. ನೀಲಿಯ ಮೇಲೆ ಎರಡಿತ್ತು. ಒಬ್ಬ ಮರದ ಮೇಲೆ ಚಾಕುವಿನಲ್ಲಿ ಹೆಸರು ಕೆತ್ತುತ್ತಿದ್ದಾಗ ಅವಳು ಚಾಕು ಕಿತ್ತು ಹೊಳೆಗೆ ಎಸೆದದ್ದು ಒಂದು. ಇನ್ನೊಬ್ಬಳು, "ಇಲ್ಲಿ ನೋಡೋಕೆ ಏನಿದೆ?" ಎಂದು ಕೇಳಿದ್ದಕ್ಕೆ "ನಿಮಗೆ ಕಣ್ಣಿದ್ರೆ ಇದೆ" ಎಂದದ್ದು ಇನ್ನೊಂದು. ಮೂರನೆಯದು ಬಂದರೆ ಕೊರಳಿನ ಬ್ಯಾಡ್ಜು ಬಿಚ್ಚಿಕೊಡಬೇಕು ಎಂದು ಭಾಸ್ಕರನ್ ಬೆರಳು ಎತ್ತಿ ಹೇಳಿದ.

ಆ ಹಸಿರು ಬ್ಯಾಡ್ಜು ಅವಳಿಗೆ ಏನು ಎಂಬುದು ಭಾಸ್ಕರನಿಗೆ ಗೊತ್ತಿಲ್ಲ. ಮುಳ್ಳನ್‌ಕೊಲ್ಲಿಯ ಕಾಪಿ ತೋಟದಲ್ಲಿ ಹನ್ನೆರಡು ವರ್ಷ ಮೇಸ್ತ್ರಿಯ ಬೈಗುಳ ಕೇಳುತ್ತ ಮೂಟೆ ಹೊತ್ತವಳು ನೀಲಿ. ಆ ವರ್ಷಗಳಲ್ಲಿ, ಅವಳ ಅವ್ವ ಜೇನು ಇಳಿಸಿದ ಕಾಡಿನ ಬಾಯಲ್ಲೇ ಫಾರೆಸ್ಟಿನ ಕಾವಲುಗಾರರು ಅವಳನ್ನು ತಡೆದು, ಇಲ್ಲೇನು ಕೆಲಸ ಎಂದು ಕೇಳಿದ್ದರು. ಬ್ಯಾಡ್ಜು ಬಂದ ಮೇಲೆ ಅದೇ ಜನ ಗೇಟು ತೆಗೆದು ನೀಲಿ ಚೇಚೀ, ಅಂದರೆ ಅಕ್ಕಾ, ಎಂದರು. ಅದು ಹೋದರೆ ಮತ್ತೆ ಮೂಟೆ. ಅವಳು ಕಾಡನ್ನು ಪ್ರೀತಿಸುತ್ತಾಳೆ ಎಂದೆಲ್ಲ ಹೇಳಿದರೆ ಅವಳಿಗೇ ಸಿಟ್ಟು ಬರುತ್ತದೆ. ಅಲ್ಲಿ ಅವಳಿಗೆ ಉಸಿರಾಡಲು ಬರುತ್ತದೆ, ಬೇರೆ ಕಡೆ ಬರುವುದಿಲ್ಲ. ಆದ್ದರಿಂದ ಹದಿನೈದು ದಿನ ನಾಲಿಗೆ ಕಚ್ಚಿ ಹಿಡಿದುಕೊಂಡಳು.

ಹದಿನಾರನೇ ದಿನ ಯತಿರಾಜ್ ಬಂದ.

ಮೈಸೂರಿನ ಕಡೆ ಮದುವೆಗಳಿಗೆ ಶಾಮಿಯಾನ ಬಾಡಿಗೆಗೆ ಕೊಡುವ ಆಸಾಮಿ. ಹೆಂಡತಿ, ಭಾವಮೈದುನರು, ಅವರ ಸ್ನೇಹಿತರು ಸೇರಿ ಹತ್ತು ಜನ. ಅವನ ಕುತ್ತಿಗೆಯಲ್ಲಿ ಒಂದು ಸ್ಪೀಕರು ನೇತಾಡುತ್ತ ಸಿನಿಮಾ ಹಾಡು ಅರಚುತ್ತಿತ್ತು.

"ಪಾಟು ನಿಲ್ಲಿಸಿ" ಎಂದಳು ನೀಲಿ, ಗೇಟು ದಾಟುವ ಮೊದಲೇ.

"ಓಹೋ, ಕನ್ನಡ ಬರುತ್ತಾ! ಇದ್ಯಾವ ಸೀಮೆ ಕನ್ನಡಾನಮ್ಮ?"

"ನಿಮಗೆ ತಿಳೀತದಾ, ಇಲ್ವಾ?"

"ತಿಳಿಯುತ್ತೆ."

"ಅಷ್ಟು ಮತಿ" ಎಂದು ಅವಳು ಮುಂದೆ ನಡೆದಳು. ಹಿಂದೆ ಯಾರೋ ಅವಳ ಮಾತನ್ನು ಅಣಕಿಸಿದರು, ಉಳಿದವರು ನಕ್ಕರು.

ಗೇಟಿನಿಂದ ನೂರು ಹೆಜ್ಜೆಗೆ ಬಿಸಿಲು ಮುಗಿದುಹೋಗುತ್ತದೆ. ಮೇಲೆ ಕೊಂಬೆಗೆ ಕೊಂಬೆ ಕೂಡಿ ಆಕಾಶವೇ ಇಲ್ಲ. ಮಳೆ ನಿಂತು ಎರಡು ದಿನವಾದರೂ ಎಲೆಗಳಿಂದ ನೀರು ಬೀಳುತ್ತಲೇ ಇತ್ತು. ಕಾಲ ಕೆಳಗೆ ಕೊಳೆತ ಎಲೆಯ ಮೆತ್ತೆ, ಅದರೊಳಗಿಂದ ನೂಲಿನಷ್ಟು ತೆಳ್ಳಗೆ ಎದ್ದು ತೂಗಾಡುವ ಜಿಗಣೆಗಳು. ಮೊದಲ ಅರ್ಧ ಗಂಟೆಯಲ್ಲೇ ಯತಿರಾಜ್ ಒಂದು ಕಾಲಿನ ಮೇಲೆ ಕುಣಿಯತೊಡಗಿದ. ಜಿಗಣೆ ಕಾಲುಚೀಲದ ಒಳಗೆ ಸೇರಿತ್ತು. ನೀಲಿ ಸೊಂಟದಿಂದ ಉಪ್ಪಿನ ಗಂಟು ತೆಗೆದು ಕೊಟ್ಟಳು. "ಹೆದರಬೇಡಿ. ಹೊಟ್ಟೆ ತುಂಬಿದ್ರೆ ತಾನೇ ಬಿಟ್ಟು ಹೋಗ್ತದೆ. ಮನುಷ್ಯರ ಹಾಗಲ್ಲ." ಹೆಂಡತಿ ಕಿಸಕ್ಕೆಂದಳು. ಯತಿರಾಜನ ಮುಖ ಕೆಂಪಾಯಿತು. ಅಲ್ಲಿಂದ ಶುರುವಾಯಿತು ಅವನ ಹಗೆ.

ನೀಲಿ ತೋರಿಸುವುದನ್ನೆಲ್ಲ ತೋರಿಸಿದಳು. ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲು, ಕೊಡೆಯಷ್ಟು ಅಗಲದ ಎಲೆ, ಮರವನ್ನೇ ಅಪ್ಪಿ ಕೊಂದು ತಾನು ಮರವಾದ ಆಲ. ಅವರಿಗೆ ಯಾವುದೂ ಸಾಲದು. ಆನೆ ಎಲ್ಲಿ, ಅಬ್ಬಿ ಎಲ್ಲಿ. ಆಫೀಸಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿರುವುದು ಅಬ್ಬಿಯ ಚಿತ್ರವನ್ನೇ. ನೀರು ಮೂರು ಮೆಟ್ಟಿಲಾಗಿ ಬೀಳುತ್ತದೆ. ಒಂದು ಕಡೆ ಯತಿರಾಜ್ ಫೋಟೋಕ್ಕೆ ನಿಲ್ಲಲು ಬಳ್ಳಿಯೊಂದನ್ನು ಹಿಡಿಯಲು ಕೈ ಚಾಚಿದ. ನೀಲಿ ಅವನ ಕೈಗೆ ಚಟ್ಟನೆ ಹೊಡೆದಳು. ಬಳ್ಳಿಯ ಮೇಲೆ ಅದೇ ಬಣ್ಣದ ಹಸಿರು ಹಾವು ಸುತ್ತಿಕೊಂಡು ಮಲಗಿತ್ತು. ಹಾವನ್ನು ನೋಡಿದ ಮೇಲೂ ಅವನಿಗೆ ನೆನಪಿನಲ್ಲಿ ಉಳಿದದ್ದು ಏಟು ಮಾತ್ರ.

ಹತ್ತೂವರೆಯ ಹೊತ್ತಿಗೆ ದಾರಿ ಎರಡಾಗುವಲ್ಲಿಗೆ ಬಂದರು. ಎಡಕ್ಕೆ ಅಬ್ಬಿ, ಬಲಕ್ಕೆ ಬಿದಿರು ಮೆಳೆಯ ದಿಣ್ಣೆ. ಎಡದ ದಾರಿಯ ಬಾಯಿಗೆ ಎರಡು ಹಸಿ ಕೊಂಬೆ ಒಂದರ ಮೇಲೊಂದು ಬಿದ್ದಿದ್ದವು. ಮುರಿದ ಕಡೆ ತಿರುಚಿದ ನಾರು.

"ಇಂದು ಅಬ್ಬಿ ಇಲ್ಲ" ಎಂದಳು ನೀಲಿ. "ದೊಡ್ಡೋರು ಇದ್ದಾರೆ. ಈ ಕಡೆ ಬನ್ನಿ."

"ಯಾರು ದೊಡ್ಡೋರು? ಮಿನಿಸ್ಟರಾ?" ಎಂದ ಯತಿರಾಜ್. ಆನೆ ಎಂದು ಅರ್ಥವಾದ ಮೇಲೆ ಇನ್ನೂ ಕುಣಿದ. "ಅದನ್ನೇ ಅಲ್ವೇನ್ರೀ ನೋಡೋಕೆ ಬಂದಿರೋದು! ಎರಡು ಕಡ್ಡಿ ಬಿದ್ದಿದ್ರೆ ಆನೆ ಇದೆ ಅಂತ ಯಾರು ಹೇಳಿದ್ದು? ನಡೆಯೋಕೆ ಸೋಮಾರಿತನ ನಿಂಗೆ."

ನೀಲಿಯ ಮೂಗು ಬೇರೆ ಏನೋ ಹೇಳುತ್ತಿತ್ತು. ಲದ್ದಿಯ ವಾಸನೆ ಇಲ್ಲ. ಬಿದಿರು ಮುರಿದ ಸದ್ದಿಲ್ಲ. ಅಬ್ಬಿಯ ಕಡೆ ಹಕ್ಕಿಗಳು ಹೆದರಿಕೆಯಿಲ್ಲದೆ ಕೂಗುತ್ತಿದ್ದವು. ಸುಳ್ಳಾ, ಎಂಬ ಒಂದು ಪದ ಅವಳ ತಲೆಯೊಳಗೆ ಎದ್ದಿತು. ಹಾಗೆ ಯೋಚಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಇಂದು ಅಬ್ಬಿ ತೋರಿಸದಿದ್ದರೆ ಈ ಶಾಮಿಯಾನದವನು ಬರೆದುಕೊಡುವುದು ಖಂಡಿತ, ಬ್ಯಾಡ್ಜು ಹೋಗುವುದು ಖಂಡಿತ. ಕಾಲೆತ್ತಿ ದಾಟಿದರೆ ಎಲ್ಲ ಸರಿಹೋಗುತ್ತದೆ. ಆದರೆ ಹಾಡಿಯಲ್ಲಿ ಹುಟ್ಟಿದ ಯಾರೂ ಸೊಪ್ಪು ದಾಟಿದ್ದನ್ನು ಅವಳು ಕಂಡಿಲ್ಲ. ಗಂಡನಾಗಿ ಅವನು ಮಾಡಿದ್ದು ಮಾಡಿದ, ಸೊಪ್ಪಿನಲ್ಲಿ ಹಾಗೆ ಮಾಡುವವನಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬಲಕ್ಕೆ ತಿರುಗಿದಳು. ಯತಿರಾಜ್ ಸ್ಪೀಕರು ಹಾಕಿದ. ಸಂಜೆಯವರೆಗೂ ಅದು ಅರಚುತ್ತಲೇ ಇತ್ತು, ಅವಳು ಮತ್ತೆ ನಿಲ್ಲಿಸಿ ಎನ್ನಲಿಲ್ಲ.

ಪರಾತಿ ಒಂದು ಪುಟ ತುಂಬ ಇತ್ತು. ಅಬ್ಬಿ ತೋರಿಸಲಿಲ್ಲ, ಅವಮಾನ ಮಾಡಿದಳು, ಕೈ ಮಾಡಿದಳು. ಹಾವಿನ ವಿಷಯ ಮಾತ್ರ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಭಾಸ್ಕರನ್ ಓದಿ, ಅವಳ ಮುಖ ನೋಡದೆ ಕೈ ಚಾಚಿದ. ನೀಲಿ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟಳು. ಸೊಪ್ಪಿತ್ತು ಎಂದು ಒಂದು ಮಾತು ಹೇಳಬಹುದಿತ್ತು. ಕಲ್ಪೆಟ್ಟದವನಿಗೆ ಸೊಪ್ಪಿನ ಕತೆ ಹೇಳಿ ಕೆಲಸ ಬೇಡುವುದೇ ಎಂದು ಬಾಗಿಲು ದಾಟಿದಳು.

ಹೊರಗೆ ಜಗುಲಿಯಲ್ಲಿ ಎಂಟರ ಗುಂಪಿನ ಒಬ್ಬ ಹುಡುಗಿ ಫೋನು ಚಾರ್ಜಿಗೆ ಹಾಕಿ ಗೆಳತಿಗೆ ಏನೋ ತೋರಿಸುತ್ತಿದ್ದಳು. ನೀಲಿ ಚಪ್ಪಲಿಯ ಕೆಸರು ಕೆರೆಯುತ್ತ ಬಗ್ಗಿದ್ದವಳು ಕಣ್ಣೆತ್ತಿದಳು. ಫೋನಿನಲ್ಲಿ ಅಬ್ಬಿ ಬೀಳುತ್ತಿತ್ತು.

"ಅರ್ಧ ಗಂಟೆ ನೀರಲ್ಲೇ ಇದ್ವಿ. ಒಂದೇ ಒಂದು ಆನೆ ಕಾಣಿಸಲಿಲ್ಲ, ಛೆ" ಎಂದಳು ಹುಡುಗಿ. ಆಮೇಲೆ ಬೆರಳಿನಿಂದ ತಳ್ಳಿ ಇನ್ನೊಂದು ವಿಡಿಯೋ ತೆಗೆದಳು. "ಇದು ನೋಡು, ವಾಪಸ್ ಬರುವಾಗ ಗೈಡ್ ಅಂಕಲ್ ಎರಡು ಕೊಂಬೆ ಮುರಿದು ದಾರಿಗೆ ಅಡ್ಡ ಇಟ್ಟರು. ಏನಿದು ಅಂತ ಕೇಳಿದ್ರೆ ನಮ್ಮ ಪೂಜೆ ಅಂದ್ರು."

ಆ ಫೋನಿನೊಳಗೆ ಚಂದ್ರನ ಕೈ ಕೊಂಬೆಯನ್ನು ಒಂದು ಸುತ್ತು ತಿರುಚಿತು. ಚಂದ್ರನ್ ನಗುತ್ತಿದ್ದ.

ಟೂರಿಸ್ಟರ ಕಣ್ಣಿಗೆ ಬೀಳದ್ದು ಅವನಿಗೆ ಕಂಡಿರಬಹುದು. ಇಷ್ಟಾದರೂ ನೀಲಿ ಅವನಿಗೆ ಅಷ್ಟು ಬಿಟ್ಟುಕೊಟ್ಟಳು. ಮಾರನೆಯ ಬೆಳಿಗ್ಗೆ ಗೇಟಿಗೆ ಹೋಗದೆ ಹಳೆಯ ಜೇನಿನ ದಾರಿಯಲ್ಲಿ ನುಸುಳಿ ಅಬ್ಬಿಯವರೆಗೂ ನಡೆದಳು. ಮೆತ್ತನೆಯ ಕೆಸರು, ಆಡಿನ ಮರಿ ನಡೆದರೂ ಉಳಿಯುವಂಥದ್ದು. ಶೂಗಳ ಗುರುತಿತ್ತು, ಚಂದ್ರನ ಟೈರು ಚಪ್ಪಲಿಯ ಗುರುತಿತ್ತು. ಬೇರೆ ಯಾವ ಗುರುತೂ ಇರಲಿಲ್ಲ.

ಮನೆಗೆ ಬಂದು ಚಾತಿಗೆ ಹೇಳಿದಳು. ಮುದುಕಿ ಮೊದಲು ನಂಬಲಿಲ್ಲ. ಎಲೆ ಹಸಿಯಾಗಿತ್ತಾ, ಎರಡು ಕೊಂಬೆಯಾ, ನೀನು ಸರಿಯಾಗಿ ನೋಡಿದೆಯಾ ಎಂದು ಮೂರು ಸಲ ಕೇಳಿದಳು. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಲೆಯ ಬೂದಿಗೆ ಉಗಿದು, "ಲೀಲನ ಹಿಂದೆ ಹೋದಾಗ್ಲೂ ನನ್ನ ಮಗ ಅಂತ್ಲೇ ಅಂದ್ಕೊಂಡಿದ್ದೆ" ಎಂದಳು. "ಈಗ ಯಾರೋ ಏನೋ." ಅವತ್ತು ಅವಳು ಉಣ್ಣಲಿಲ್ಲ.

ನೀಲಿಗೆ ಏಳು ವರ್ಷದ ಹಿಂದೆ ಬಂದಿದ್ದು ಸಿಟ್ಟು. ಈಗ ಬಂದದ್ದು ಬೇರೆ. ಹೆಂಡತಿಯನ್ನು ಬಿಡುವ ಗಂಡಸರು ಊರೂರಿಗೆ ಇದ್ದಾರೆ. ಸೊಪ್ಪಿಗೆ ಸುಳ್ಳು ಹೇಳಿಸಿದವನು ಇವನೊಬ್ಬನೇ. ಅವನು ಸಾಯಲಿ ಎಂದು ಅವಳು ಬಾಯಿಬಿಟ್ಟೇ ಹೇಳಿಕೊಂಡಳು, ನೀರು ಸೇದುವಾಗ, ಸೌದೆ ಸೀಳುವಾಗ.

ಒಂಬತ್ತು ದಿನ ಕಳೆಯಿತು. ಮುಳ್ಳನ್‌ಕೊಲ್ಲಿಯ ಮೇಸ್ತ್ರಿಗೆ ಹೇಳಿ ಕಳಿಸಿದ್ದಳು, ಸೋಮವಾರದಿಂದ ಬಾ ಎಂದಿದ್ದ. ಶನಿವಾರ ಬೆಳಿಗ್ಗೆ ಚುರುಳಿ ಕೊಯ್ಯಲು ಹೊರಟಳು. ಚುರುಳಿ ಎಂದರೆ ತೊರೆಯ ದಂಡೆಯಲ್ಲಿ ಏಳುವ, ತುದಿ ಸುರುಳಿ ಸುತ್ತಿಕೊಂಡ ಸೊಪ್ಪು. ಚಾತಿಗೆ ಅದರ ಪಲ್ಯ ಇಷ್ಟ. ಅಬ್ಬಿಯ ಕೆಳಗಿನ ತೊರೆಯ ಬಳಿ ಬಗ್ಗಿ ಒಂದು ಹಿಡಿ ಕೊಯ್ದಿರಲಿಲ್ಲ, ಗಾಳಿ ತಿರುಗಿತು. ವಾಸನೆ ಮೂಗಿಗೆ ಬಡಿಯಿತು. ಹಾಗೇ ಕಲ್ಲಾಗಿ ನಿಂತು ಕಣ್ಣು ಮಾತ್ರ ಹೊರಳಿಸಿದಳು. ಅಬ್ಬಿಯ ದಾರಿಯ ಪಕ್ಕದ ಬಿದಿರು ಮೆಳೆಯ ಹಿಂದೆ ಮೂರು ಹೆಣ್ಣಾನೆ. ಅವುಗಳ ಕಾಲಿನ ನಡುವೆ, ಇನ್ನೂ ನೆಟ್ಟಗೆ ನಿಲ್ಲಲು ಬಾರದ ಮರಿ.

ಕಾಡಿನಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಗಂಡಾನೆಯಾದರೆ ಬೆದರಿಸಿ ಬಿಟ್ಟೀತು, ಮರಿ ಹಾಕಿದವರು ಬಿಡುವುದಿಲ್ಲ. ನೀಲಿ ಒಂದೊಂದೇ ಹೆಜ್ಜೆ ಹಿಂದಿಟ್ಟು ದಾರಿ ಎರಡಾಗುವ ಕಡೆಗೆ ಬಂದು ಹೊತ್ತು ನೋಡಿದಳು. ಎಂಟರ ಗುಂಪು ಇನ್ನೇನು ಇಲ್ಲಿಗೆ ಬರುತ್ತದೆ. ಮುಂದೆ ಚಂದ್ರನ್, ಹಾಡು ಹೇಳುತ್ತ.

ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಮನೆಗೆ ಹೋಗಿ ಪಲ್ಯ ಮಾಡಿದ್ದರೆ ಸಾಕಿತ್ತು. ಯಾರೂ ಕೇಳುತ್ತಿರಲಿಲ್ಲ, ಬ್ಯಾಡ್ಜು ಇಲ್ಲದವಳು ಅಲ್ಲಿ ಇರಲೇಬಾರದು. ಟೂರಿಸ್ಟರ ಮೇಲೆ ಅವಳಿಗೆ ಕರುಣೆ ಉಕ್ಕಿತು ಎಂದರೆ ಅದೂ ಸುಳ್ಳು. ಒಂದು ಗಳಿಗೆ ಅವಳು ನಿಂತದ್ದು ನಿಜ, ಮನಸ್ಸಿನಲ್ಲಿ ಅವನನ್ನು ಆ ಮೆಳೆಯ ಕಡೆ ನಡೆಸಿ ನೋಡಿದ್ದೂ ನಿಜ. ಆಮೇಲೆ ಕೈ ತಾನಾಗಿ ಪಕ್ಕದ ಗಿಡಕ್ಕೆ ಹೋಯಿತು. ಎರಡು ಕೊಂಬೆ ಮುರಿದು, ಒಂದರ ಮೇಲೊಂದು ಹಾಕಿ, ತನ್ನ ಬುಟ್ಟಿ ಎತ್ತಿಕೊಂಡು ಹೊರಟಳು.

ಇಪ್ಪತ್ತು ಹೆಜ್ಜೆ ಹೋಗಿರಬೇಕು, ಅವಳ ಕಾಲು ನಿಂತಿತು. ಅವನು ನಂಬುವುದಿಲ್ಲ. ತಾನು ಸುಳ್ಳು ಹಾಕಿದವನು ಬೇರೆಯವರ ಸೊಪ್ಪನ್ನು ಹೇಗೆ ನಂಬುತ್ತಾನೆ? ಅದರಲ್ಲೂ ಇವಳದ್ದನ್ನು? ಸೇಡಿಗೆ ಹಾಕಿದ್ದು ಎಂದು ಒದ್ದು ಮುಂದೆ ಹೋಗುತ್ತಾನೆ. ಅವಳ ಕೈಗೆ ಉಳಿದಿದ್ದ, ಸೊಪ್ಪಿನ ಮೇಲಿನ ನಂಬಿಕೆ ಎಂಬ ಆ ಒಂದನ್ನೂ ಅವನು ಹಾಳು ಮಾಡಿಟ್ಟಿದ್ದ. ನೀಲಿ ಹಾಡಿಯ ಭಾಷೆಯಲ್ಲಿ ಒಂದು ಬೈಗುಳ ಬೈದು ಹಿಂದಕ್ಕೆ ಬಂದಳು. ಸೊಪ್ಪಿನ ಈಚೆ, ದಾರಿಯ ನಡುವೆ ಕುಕ್ಕರಗಾಲಲ್ಲಿ ಕೂತಳು.

ಗುಂಪು ಬಂತು. ಅವತ್ತು ಭಾಸ್ಕರನೂ ಜೊತೆಗಿದ್ದ. ಮೇಲಿನ ಆಫೀಸಿನ ಒಬ್ಬ ಅಧಿಕಾರಿ ದಾರಿ ನೋಡಲು ಬಂದಿದ್ದರು. ಚಂದ್ರನ್ ಕೊಂಬೆ ನೋಡಿದ, ಅವಳನ್ನು ನೋಡಿದ, ಕಣ್ಣು ತಪ್ಪಿಸಿದ.

"ಎಂಥ ನೀಲಿ ಚೇಚೀ, ಇಲ್ಲಿ ಯಾಕೆ ಕೂತದ್ದು?" ಎಂದ ಭಾಸ್ಕರನ್.

ನೀಲಿ ಸೊಪ್ಪಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಚಂದ್ರನ್ ಮಾತಾಡಿದ. "ಕೆಲಸ ಹೋದ ಸಿಟ್ಟು ಸಾರ್. ನಮ್ಮ ದಾರಿ ಕೆಡಿಸೋಕೆ ಸುಮ್ಮನೆ ಸೊಪ್ಪು ಹಾಕಿದ್ದಾಳೆ. ನೀವು ಬನ್ನಿ."

ಭಾಸ್ಕರನ್ ಕೆಟ್ಟವನಲ್ಲ, ತಿಳಿಯದವನು. ತಿಳಿಯದವನ ಹಾಗೆಯೇ ಕೇಳಿದ. "ಸುಮ್ಮನೆ ಹಾಕೋದು ಉಂಟಾ ನಿಮ್ಮಲ್ಲಿ?"

ಚಂದ್ರನ್ ಸಿಕ್ಕಿಬಿದ್ದ. ಉಂಟು ಎಂದರೆ ಹಾಕಿದವನು ಯಾರು ಎಂಬ ಮಾತು ಬರುತ್ತದೆ. ಇಲ್ಲ ಎಂದರೆ ಮುಂದೆ ಆನೆ ಇದೆ.

"ಹೇಳು" ಎಂದಳು ನೀಲಿ. ಏಳು ವರ್ಷದ ನಂತರ ಅವನಿಗೆ ಅವಳ ಮೊದಲ ಮಾತು. "ಸಾರ್ ಕೇಳ್ತಿದ್ದಾರಲ್ಲ. ಸುಮ್ಮನೆ ಹಾಕೋದು ಉಂಟಾ?"

"ನನ್ನದಕ್ಕೆ ಬದಲಾ ಹಾಕಿದ್ದೀಯಾ" ಎಂದ ಚಂದ್ರನ್ ಹಾಡಿಯ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ.

"ಹಾಗಾದ್ರೆ ದಾಟು. ಇವರನ್ನ ಇಲ್ಲೇ ನಿಲ್ಲಿಸಿ ನೀನೊಬ್ಬನೇ ದಾಟು." ಅವಳು ಎದ್ದು ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. "ನಾನು ತಡೆಯಲ್ಲ."

ಎಲ್ಲರೂ ನೋಡುತ್ತಿದ್ದರು. ಚಂದ್ರನ್ ನಗಲು ನೋಡಿದ. ಬಲಗಾಲು ಎತ್ತಿದ. ಕಾಲು ಕೊಂಬೆಯ ಮೇಲೆ ಬಂತು, ಅಲ್ಲೇ ನಿಂತಿತು. ಕೆಳಗೆ ಇಳಿಯಲಿಲ್ಲ. ಅವನು ಅವಳ ಮುಖ ನೋಡಿದ, ಅಲ್ಲಿ ಓದಿಕೊಳ್ಳಲು ಏನಾದರೂ ಸಿಗುತ್ತದೋ ಎಂದು ಹುಡುಕಿದ. ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ. ಮಾಮೂಲಿ ಮುಖ. ಒಂಟಿ ಕಾಲಲ್ಲಿ ನಿಂತ ಅವನ ಹಣೆಯಿಂದ ಬೆವರು ಇಳಿಯಿತು. ಕೊನೆಗೆ ಕಾಲನ್ನು ಹಿಂದಕ್ಕೆ ತಂದು ನೆಲಕ್ಕಿಟ್ಟ.

ಅದೇ ಹೊತ್ತಿಗೆ ಮೆಳೆಯ ಹಿಂದಿನಿಂದ ಗುಡುಗಿನಂಥ ಗುಟುರು ಕೇಳಿತು, ಹಿಂದೆಯೇ ಬಿದಿರಿನ ಗಳ ಮುರಿದ ಸದ್ದು. ಅಧಿಕಾರಿಯ ಕೈಯಿಂದ ನೀರಿನ ಬಾಟಲಿ ಬಿತ್ತು. ನೀಲಿ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದಳು. ಚಂದ್ರನ್ ಕೊನೆಯವನಾಗಿ ಬಂದ. ಅವತ್ತು ಅವನು ಹಾಡಲಿಲ್ಲ.

ಆಫೀಸಿನಲ್ಲಿ ಭಾಸ್ಕರನ್ ಅವಳ ಬ್ಯಾಡ್ಜನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಷ್ಟರಲ್ಲಿ ಅವನು ಚಂದ್ರನನ್ನು ಒಳಗೆ ಕರೆದು ಸುಳ್ಳು ಸೊಪ್ಪಿನ ವಿಷಯ ಬಾಯಿಬಿಡಿಸಿದ್ದ. "ಅವನು ಇನ್ನು ಬೇಡ. ಈ ದಾರಿ ನಿಮ್ಮೊಬ್ಬರದೇ, ಶರಿಯಾ?" ಎಂದ. ಚಂದ್ರನ್ ನೀರಿನ ಡ್ರಮ್ಮಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

ನೀಲಿ ಬ್ಯಾಡ್ಜು ಕೊರಳಿಗೆ ಹಾಕಿಕೊಂಡಳು. "ಅವನೂ ಇರಲಿ ಸಾರ್" ಎಂದಳು. "ಎಂಟಕ್ಕೆ ನಾನು. ಒಂಬತ್ತಕ್ಕೆ ಅವನು." ಆ ಗುಟುರು ಕೇಳಿಸಿಕೊಂಡಿದ್ದ ಅಧಿಕಾರಿ, ಈ ದಾರಿಗೆ ಇಬ್ಬರು ಬೇಕೇಬೇಕು ಎಂದು ಆ ಕೂಡಲೇ ಬರೆದುಕೊಟ್ಟರು.

ನೀಲಿಯದು ದೊಡ್ಡ ಮನಸ್ಸು ಎಂದು ಹಾಡಿಯಲ್ಲಿ ಎರಡು ದಿನ ಮಾತಾಯಿತು. ಲೀಲ ಒಂದು ಗೊನೆ ನೇಂದ್ರ ಬಾಳೆ ಕಳಿಸಿದಳು. ನೀಲಿ ಅದನ್ನು ಮುಟ್ಟಲಿಲ್ಲ. ಚಾತಿ ಒಂದು ಹಣ್ಣು ಸುಲಿದು ಸೊಸೆಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಅರ್ಥವಾಗಿತ್ತು.

"ಕೆಲಸದಿಂದ ತೆಗೆಸಿದ್ರೆ ಇಷ್ಟು ಪಾಪ ಬರ್ತಿರಲಿಲ್ಲ ಕಣೇ ನಿನಗೆ" ಎಂದಳು.

ಈಗ ನೀಲಿ ಮುಂದೆ ಹೋಗುತ್ತಾಳೆ. ಬೇಕಾದ ಕಡೆ ಸೊಪ್ಪು ಹಾಕುತ್ತಾಳೆ. ಒಂದು ಗಂಟೆಯ ನಂತರ ಚಂದ್ರನ್ ತನ್ನ ಹತ್ತು ಜನರ ಜೊತೆ ಅಲ್ಲಿಗೆ ಬಂದು, ಕೊಂಬೆಯ ಮುಂದೆ ನಿಂತು, ಇದು ನಿಜವೋ ಸೇಡೋ ಎಂದು ಬೆವರುತ್ತಾನೆ. ಸೊಪ್ಪಿಲ್ಲದ ದಿನ ಇನ್ನೂ ಹೆಚ್ಚು ಬೆವರುತ್ತಾನೆ. ನೀಲಿ ಒಂದು ದಿನವೂ ಸುಳ್ಳು ಹಾಕಿಲ್ಲ, ಹಾಕಬೇಕಾದಲ್ಲಿ ಹಾಕದೆ ಬಿಟ್ಟಿಲ್ಲ. ಅದನ್ನು ಅವನಿಗೆ ಹೇಳಿಯೂ ಇಲ್ಲ.